ಮಳೆಯ ಲೆಕ್ಕವೂ ಸಂಭವನೀಯತೆಯ ವಿತರಣೆಗಳೂ: ವಿಜಯಪುರ ಸೀಮೆಯ ಒಂದು ನಿದರ್ಶನ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳು ಭೀಮಾ ಕೃಷ್ಣೆಯರ ನಡುವಣ ಎರೆನಾಡಿಗೆ ಸೇರಿದವು. ಎರಡು ಮಹಾನದಿಗಳು ಮಗ್ಗುಲಲ್ಲಿಯೇ ಇದ್ದರೂ ಇಲ್ಲಿಯ ಒಕ್ಕಲುತನವು ಬಹುಕಾಲ ಮಳೆಯನ್ನೇ ನಂಬಿ ನಡೆಯಿತು. ಆಲಮಟ್ಟಿಯ ನೀರು ಬಂದ ಮೇಲೂ ಮಳೆಯಾಶ್ರಿತ ಭೂಮಿ ವಿಶೇಷವಾಗಿಯೇ ಉಳಿದಿದೆ. ವಾರ್ಷಿಕ ಸರಾಸರಿ ಮಳೆ ಸುಮಾರು 600 ಮಿಲಿಮೀಟರು. ಹಿಂಗಾರಿ ಬಿಳಿಜೋಳಕ್ಕೆ ಸೆಪ್ಟೆಂಬರಿನ ಮಳೆಯೇ ಜೀವಾಳ. ಡೋಣಿ ತುಂಬಿ ಹರಿದ ವರ್ಷ ಓಣಿಗೆಲ್ಲ ಕಾಳೆಂಬುದು ಈ ಸೀಮೆಯ ಜನರ ನಂಬಿಕೆ.

ಹರಿಯದ ವರ್ಷದ ಗತಿಯೇನೆಂಬುದನ್ನು 1876-78ರ ಬರಗಾಲವು ತೋರಿಸಿತು. ಆಗ ಕಲಾದಗಿ ಜಿಲ್ಲೆಯೆನಿಸಿದ್ದ ಈ ಪ್ರದೇಶದ ಜನಸಂಖ್ಯೆಯು 1872 ಮತ್ತು 1881ರ ಜನಗಣತಿಗಳ ನಡುವೆ ಸುಮಾರು ಐದರಲ್ಲೊಂದು ಪಾಲು ಕುಗ್ಗಿತು. ಇಂಥ ವರ್ಷವು ಎಷ್ಟು ಕಾಲಕ್ಕೊಮ್ಮೆ ಬಂದೀತು? ಸರಾಸರಿಯು ಇದಕ್ಕೆ ಉತ್ತರ ಹೇಳಲಾರದು. ಉತ್ತರಕ್ಕೆ ಮಳೆಯ ವಿತರಣೆಯ ಸ್ವರೂಪವೇ ಗೊತ್ತಾಗಬೇಕು.

ಹತ್ತೊಂಬತ್ತನೆಯ ಶತಮಾನದಲ್ಲಿ ಸರ್ವತ್ರ ಮಾನ್ಯವಾಗಿದ್ದ ವಕ್ರರೇಖೆ ಗಾಸನದು. ಅದು ಸರಾಸರಿಯ ಎರಡು ಪಕ್ಕಗಳಲ್ಲಿಯೂ ಸಮವಾಗಿ ಇಳಿಯುತ್ತದೆ. ಆದರೆ ತಿಂಗಳ ಮಳೆ ಸೊನ್ನೆಗಿಂತ ಕೆಳಗಿಳಿಯಲಾರದು. ಮೇಲಕ್ಕಾದರೋ ಒಂದೆರಡು ಬಿರುಮಳೆಗಳಿಂದಲೇ ಸರಾಸರಿಯನ್ನು ಬಹುದೂರ ಮೀರಬಲ್ಲುದು. 1895ರಲ್ಲಿ ಕಾರ್ಲ್ ಪಿಯರ್ಸನ್ನನು ಇಂಥ ಓರೆಯಾದ ದತ್ತಾಂಶಗಳಿಗಾಗಿ ವಕ್ರರೇಖೆಗಳ ಒಂದು ಕುಲವನ್ನೇ ರಚಿಸಿದನು. ಅವುಗಳಲ್ಲಿ ಮೂರನೆಯ ಬಗೆಯೇ ಗಾಮಾ ವಿತರಣೆ. ಇದರಲ್ಲಿ ಆಕಾರವನ್ನು ನಿರ್ಧರಿಸುವ ಪ್ರಾಚಲವು ದೊಡ್ಡದಾದಂತೆ ರೇಖೆಯು ಗಾಸನ ರೇಖೆಯನ್ನು ಹೋಲುತ್ತದೆ. ಒಂದಕ್ಕಿಂತ ಕಿರಿದಾದರೆ ಸೊನ್ನೆಯ ಬಳಿ ರಾಶಿಗೊಳ್ಳುತ್ತದೆ. 1951ರಲ್ಲಿ ಸ್ವೀಡನ್ನಿನ ವೈಬುಲ್ಲನು ಮತ್ತೊಂದು ವಿತರಣೆಯ ವ್ಯಾಪಕತೆಯನ್ನು ತೋರಿಸಿದನು. ಅವನು ಆರಿಸಿಕೊಂಡ ಉದಾಹರಣೆಗಳಲ್ಲಿ ಭಾರತದ ಹತ್ತಿಯ ಎಳೆಯ ಬಲವೂ ಒಂದಾಗಿತ್ತು.

ಮಳೆಯ ವಿಷಯದಲ್ಲಿ ಇನ್ನೊಂದು ತೊಡಕುಂಟು. ಒಂದು ಹನಿಯೂ ಬೀಳದ ತಿಂಗಳಿಗೆ ಗಾಮಾ ವಿತರಣೆಯಲ್ಲಿ ಸ್ಥಾನವೇ ಇಲ್ಲ. ಆದುದರಿಂದ ಸೊನ್ನೆಯ ಸಂಭವನೀಯತೆಯನ್ನು ಬೇರೆಯಾಗಿ ಎಣಿಸಿ, ಮಳೆಯಾದ ತಿಂಗಳುಗಳಿಗೆ ಮಾತ್ರ ಗಾಮಾ ರೇಖೆಯನ್ನು ಹೊಂದಿಸುವ ಕ್ರಮವು ಬಳಕೆಗೆ ಬಂದಿತು. ಈ ರೇಖೆಯನ್ನು ಹೊಂದಿಸುವ ವಿಧಾನವನ್ನು 1958ರಲ್ಲಿ ಥಾಮ್ ವಿವರಿಸಿದನು, 1973ರಲ್ಲಿ ಡಿ. ಎ. ಮೂಲೇ ಅವರು ಏಷ್ಯದ ಮುಂಗಾರಿನ ತಿಂಗಳ ಮಳೆಗೆ ಗಾಮಾ ವಿತರಣೆಯನ್ನು ಅನ್ವಯಿಸಿದರು. 1993ರಲ್ಲಿ ಮುಧೋಳಕರ ಮತ್ತು ಶ್ರೀವಾಸ್ತವ ಅವರು ವೈಬುಲ್ಲನ ವಿತರಣಾ ಫಲನವನ್ನು ಒಂದು ಘಾತಕ್ಕೇರಿಸಿ ಮತ್ತೊಂದು ಪ್ರಾಚಲವನ್ನು ಸೇರಿಸಿದರು. ಅಲ್ಲಿಂದೀಚೆಗೆ ಇಂಥ ನೂತನ ವಿತರಣೆಗಳು ಹೇರಳವಾಗಿ ಹುಟ್ಟಿವೆ.

ಆದರೆ ಬಾಗುವ ಗುಣಕ್ಕೂ ಬೆಲೆ ತೆರಬೇಕಾಗುತ್ತದೆ. ನೂರು ವರ್ಷಗಳ ದಾಖಲೆಯಲ್ಲಿ ಸೆಪ್ಟೆಂಬರುಗಳು ನೂರೇ. ಅವುಗಳಲ್ಲಿ ಘೋರ ಬರದವು ಬೆರಳೆಣಿಕೆಯವು. ಪ್ರಾಚಲಗಳು ಹೆಚ್ಚಿದಷ್ಟೂ ರೇಖೆಯು ಆಕಸ್ಮಿಕವಾದ ಏರಿಳಿತಗಳಿಗೂ ಬಾಗಿ, ಕಳೆದುದನ್ನು ಚೆನ್ನಾಗಿ ವರ್ಣಿಸಿ, ಬರುವುದರಲ್ಲಿ ತಪ್ಪುತ್ತದೆ.

ಇದು ಕೇವಲ ಪಂಡಿತರ ಚರ್ಚೆಯಲ್ಲ. ಹವಾಮಾನ ಆಧಾರಿತ ಬೆಳೆವಿಮೆಯ ಪ್ರಯೋಗವು 2007ರಲ್ಲಿ ಕರ್ನಾಟಕದಲ್ಲಿಯೇ ಆರಂಭವಾಯಿತು. ಅಂಥ ವಿಮೆಯ ಕಂತು ನಿಲ್ಲುವುದು ರೇಖೆಯ ಕೆಳತುದಿಯ ಅಂದಾಜಿನ ಮೇಲೆ. ಬರವನ್ನು ಅಪರೂಪವೆಂದು ಎಣಿಸಿದರೆ ವಿಮೆಯ ನಿಧಿ ಬರಿದಾದೀತು. ಅತಿಯಾಗಿ ಎಣಿಸಿದರೆ ಕಂತು ಒಕ್ಕಲಿಗನ ಕೈಮೀರೀತು. ಆದುದರಿಂದ ನಾಲ್ಕು ತಾಲ್ಲೂಕುಗಳ ದಾಖಲೆಗಳನ್ನು ಬೇರೆಬೇರೆಯಾಗಿ ತೆಗೆದುಕೊಂಡು, ಕೆಲವು ವರ್ಷಗಳನ್ನು ಬದಿಗಿರಿಸಿ, ಉಳಿದವುಗಳಿಂದ ಹಳೆಯ ಹಾಗೂ ಹೊಸ ರೇಖೆಗಳನ್ನು ಹೊಂದಿಸಿ, ಬದಿಗಿರಿಸಿದ ವರ್ಷಗಳ ಮೇಲೆ ಅವನ್ನು ಪರೀಕ್ಷಿಸುವುದು ವಿದ್ಯಾರ್ಥಿಗಳು ಕೈಕೊಳ್ಳಬಹುದಾದ ಉಪಯುಕ್ತ ಕಾರ್ಯವಾಗಿದೆ. ಆ ಪರೀಕ್ಷೆಯಲ್ಲಿ ಗೆಲ್ಲದ ಹೊಸ ವಿತರಣೆಗಿಂತ ಎರಡು ಪ್ರಾಚಲಗಳ ಹಳೆಯ ಗಾಮಾ ವಿತರಣೆಯೇ ಲೇಸು.