ಮೊಳಕೆ ರಾಗಿಯೂ ಮೊದಲ ತುತ್ತೂ

ಮಗು ಮೈ ತುಂಬಿಕೊಳ್ಳಬೇಕೆಂದರೆ ಆಡಿನ ಮಾಂಸ, ಬ್ರಹ್ಮವರ್ಚಸ್ಸು ಬೇಕೆಂದರೆ ತಿತ್ತಿರಿ ಹಕ್ಕಿಯದು, ತೇಜಸ್ಸು ಸಾಕೆನ್ನುವವರಿಗೆ ತುಪ್ಪದನ್ನ. ಆರನೆಯ ತಿಂಗಳ ಅನ್ನಪ್ರಾಶನಕ್ಕೆ ಆಶ್ವಲಾಯನ ಗೃಹ್ಯಸೂತ್ರ ಕೊಡುವ ಪಟ್ಟಿ ಇದು. ಮಗು ಚುರುಕಾಗಲೆಂದು ಶಾಂಖಾಯನ ಗೃಹ್ಯಸೂತ್ರ ಮೀನನ್ನೂ ಸೇರಿಸುತ್ತದೆ. ಇಂದು ಹೊರನಾಡಿನ ಅನ್ನಪೂರ್ಣೇಶ್ವರಿಯ ಸನ್ನಿಧಿಯಲ್ಲಿ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು ಪಾಯಸ ನೆಕ್ಕಿಸುವವರಿಗೆ ಈ ಪಟ್ಟಿ ಓದಿ ಹೇಳಿದರೆ ಬೆಚ್ಚಿಬಿದ್ದಾರು.

ಯಾವ ತಿಂಗಳಲ್ಲಿ ಎಂಬುದರಲ್ಲೂ ಎಲ್ಲರದೂ ಒಂದೇ ಮಾತಲ್ಲ. ಮನುಸ್ಮೃತಿ ಮತ್ತು ಸುಶ್ರುತ ಸಂಹಿತೆ ಆರನೆಯದೆನ್ನುತ್ತವೆ. ಮಕ್ಕಳ ವೈದ್ಯಕ್ಕೇ ಮೀಸಲಾದ ಕಾಶ್ಯಪ ಸಂಹಿತೆಗೆ ಅಷ್ಟು ಅವಸರವಿಲ್ಲ: ಆರರಲ್ಲಿ ಹಣ್ಣು, ಧಾನ್ಯವೇನಿದ್ದರೂ ಹಲ್ಲು ಮೂಡಿದ ಮೇಲೆ, ಇಲ್ಲವೇ ಹತ್ತನೆಯ ತಿಂಗಳಲ್ಲಿ. ಆಧುನಿಕ ವೈದ್ಯವೂ ಇದೇ ಜಗ್ಗಾಟ ನಡೆಸಿದೆ. ನಾಲ್ಕರಿಂದ ಆರು ತಿಂಗಳೊಳಗೆ ಎನ್ನುತ್ತಿದ್ದ ವಿಶ್ವ ಆರೋಗ್ಯ ಸಂಸ್ಥೆ, ಆರು ತಿಂಗಳು ತುಂಬುವವರೆಗೆ ಎದೆಹಾಲಷ್ಟೇ ಎಂಬ ನಿಲುವಿಗೆ ಬಂದದ್ದು 2001ರಲ್ಲಿ.

ಶಾಸ್ತ್ರ ಒಂದು ದಿನದ್ದು. ಮರುದಿನದಿಂದ ಮಗುವಿಗೆ ಏನು ಕೊಡಬೇಕೆಂಬುದನ್ನು ಅಡುಗೆಮನೆಯೇ ತೀರ್ಮಾನಿಸಬೇಕಾಗಿತ್ತು. ಹಳೇ ಮೈಸೂರಿನ ಕಡೆ ಅದಕ್ಕೆ ಉತ್ತರ ರಾಗಿ ಸರಿ. ರಾಗಿಯನ್ನು ರಾತ್ರಿಯಿಡೀ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹದವಾಗಿ ಬೆಚ್ಚಗೆ ಮಾಡಿ ಬೀಸಿ, ತೆಳು ಬಟ್ಟೆಯಲ್ಲಿ ಸೋಸಿ ಡಬ್ಬಿಗೆ ತುಂಬುವುದು. ಕರಾವಳಿ, ಮಲೆನಾಡಿನಲ್ಲಿ ರಾಗಿ ಮಣ್ಣಿಯದೇ ಬೇರೆ ಹಾದಿ. ನೆನೆದ ರಾಗಿಯನ್ನು ರುಬ್ಬಿ, ಬಟ್ಟೆಯಲ್ಲಿ ಹಿಂಡಿ ತೆಗೆದ ಹಾಲನ್ನು ಬೆಲ್ಲ ಹಾಕಿ ಕಾಯಿಸುತ್ತಾರೆ. ಎರಡೂ ಕಡೆ ತೀರಾ ಎಳೆಗೂಸಿಗೆ ಒಳಲೆಯೇ ಪಾತ್ರೆ. ಮೂತಿ ಚಾಚಿದ ಆ ಪುಟ್ಟ ಬಟ್ಟಲು ಉಳ್ಳವರ ಮನೆಯಲ್ಲಿ ಬೆಳ್ಳಿಯದು, ಇಲ್ಲದವರಲ್ಲಿ ಹಿತ್ತಾಳೆಯದು.

ಆಮೇಲೆ ಡಬ್ಬಿ ಬಂತು. ಜರ್ಮನಿಯ ರಸಾಯನಶಾಸ್ತ್ರಜ್ಞ ಲೀಬಿಗ್, ಸ್ವಿಟ್ಜರ್ಲೆಂಡಿನ ವೆವೆಯಲ್ಲಿ ಹೆನ್ರಿ ನೆಸ್ಲೆ 1860ರ ದಶಕದಲ್ಲಿ ಶಿಶು ಆಹಾರವನ್ನು ಮಾರುಕಟ್ಟೆಗೆ ತಂದರು. ಲೀಬಿಗ್‌ನ ಪಾಕದಲ್ಲಿ ಗೋಧಿಹಿಟ್ಟು, ಹಸುವಿನ ಹಾಲಿನ ಜತೆಗೆ ಮೊಳಕೆ ಬಾರ್ಲಿಯ ಹಿಟ್ಟು ಇತ್ತೆಂಬುದನ್ನು ಇಲ್ಲಿ ಗಮನಿಸಬೇಕು. ಭಾರತದ ಪಟ್ಟಣಗಳಿಗೆ ಗ್ಲಾಕ್ಸೊ ಹಾಲಿನ ಪುಡಿ ಬಂತು, ಹಿಂದೆಯೇ ಫ್ಯಾರೆಕ್ಸ್. ಸ್ವಾತಂತ್ರ್ಯ ಬಂದ ಮೇಲೂ ಶಿಶು ಆಹಾರ ಬಹುಪಾಲು ಹಡಗಿನಲ್ಲೇ ಬರಬೇಕಿತ್ತು. ಇಲ್ಲಿ ಹೇರಳವಾಗಿದ್ದದ್ದು ಎಮ್ಮೆ ಹಾಲು. ಅದರಲ್ಲಿ ಕೊಬ್ಬು ಹೆಚ್ಚು, ಕೇಸೀನ್ ಹೆಚ್ಚು, ಕೂಸಿನ ಹೊಟ್ಟೆಯಲ್ಲಿ ಅದು ಗಟ್ಟಿಯಾಗಿ ಒಡೆಯುತ್ತದೆ.

ಆ ತೊಡಕನ್ನು ಬಿಡಿಸಿದ್ದು ಮೈಸೂರು. ರಾಜಕುಮಾರಿ ಚೆಲುವಾಜಮ್ಮಣ್ಣಿಗಾಗಿ ಕಟ್ಟಿಸಿದ್ದ ಅರಮನೆಯಲ್ಲಿ 1950ರ ಅಕ್ಟೋಬರ್‌ನಲ್ಲಿ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ (ಸಿಎಫ್‌ಟಿಆರ್‌ಐ) ಬಾಗಿಲು ತೆರೆಯಿತು. ಅದರ ಮೊದಲ ನಿರ್ದೇಶಕ ವಿ. ಸುಬ್ರಹ್ಮಣ್ಯನ್. ಎಮ್ಮೆ ಹಾಲನ್ನು ಶಿಶುವಿಗೆ ಒಗ್ಗಿಸುವ ವಿಧಾನವನ್ನು ಇಲ್ಲಿನವರು ರೂಪಿಸಿದರು. ಅದು ಗುಜರಾತಿನ ಆಣಂದಕ್ಕೆ ಹೋಗಿ ಅಮುಲ್ ಬೇಬಿ ಫುಡ್ ಆಯಿತು. ಗುಂಡುಗುಂಡಗಿರುವ ಮಕ್ಕಳನ್ನು ಇಂದಿಗೂ ‘ಅಮುಲ್ ಬೇಬಿ’ ಎನ್ನುವವರಿಗೆ ಅದರ ಹಿಂದೆ ಮೈಸೂರಿನ ಪ್ರಯೋಗಶಾಲೆಯಿದೆಯೆಂಬುದು ಅಷ್ಟಾಗಿ ಗೊತ್ತಿಲ್ಲ.

ಅದಕ್ಕಿಂತ ಸ್ವಾರಸ್ಯದ ಕೆಲಸ ಅದೇ ಅಂಗಳದಲ್ಲಿ ಮುಂದೆ ನಡೆಯಿತು. ಹಳ್ಳಿ ಮಕ್ಕಳು ಹೊಟ್ಟೆ ತುಂಬ ಗಂಜಿ ಕುಡಿದರೂ ಸೊರಗುವುದೇಕೆ? ಪಿಷ್ಟ ಬೇಯುತ್ತಲೇ ನೀರು ಹೀರಿ ಊದುತ್ತದೆ. ಹಿಟ್ಟು ಒಂದಿಷ್ಟು ಹೆಚ್ಚಾದರೆ ಗಂಜಿ ಮುದ್ದೆಯಾಗಿ ಮಗುವಿನ ಗಂಟಲಲ್ಲಿ ಇಳಿಯದು. ಇಳಿಯಲೆಂದು ತಾಯಿ ನೀರು ಬೆರೆಸುತ್ತಾಳೆ. ಆಗ ಬಟ್ಟಲು ತುಂಬಿರುತ್ತದೆ, ಕಸುವು ಇರುವುದಿಲ್ಲ, ಮಗುವಿನ ಪುಟ್ಟ ಹೊಟ್ಟೆಯಲ್ಲಿ ಎರಡನೆಯ ಬಟ್ಟಲಿಗೆ ಜಾಗವೂ ಇಲ್ಲ. ಸ್ವೀಡನ್ನಿನ ಸಂಶೋಧಕರ ಜತೆಗೂಡಿ ಸಿಎಫ್‌ಟಿಆರ್‌ಐಯ ಎಚ್.ಎಸ್.ಆರ್. ದೇಶಿಕಾಚಾರ್ ಮತ್ತು ಎನ್.ಜಿ. ಮಲ್ಲೇಶಿ ಕೈಗೆತ್ತಿಕೊಂಡದ್ದು ಈ ಸಮಸ್ಯೆಯನ್ನು. ಅವರಿಗೆ ಉತ್ತರ ಸಿಕ್ಕಿದ್ದು ಮೊಳಕೆಯಲ್ಲಿ. ಮೊಳೆಯುವಾಗ ಕಾಳಿನಲ್ಲಿ ಅಮೈಲೇಸ್ ಎಂಬ ಕಿಣ್ವ ಹುಟ್ಟುತ್ತದೆ, ಬೇಯುವಾಗ ಅದು ಪಿಷ್ಟವನ್ನು ತುಂಡರಿಸುತ್ತದೆ. ಹಾಗಾಗಿ ಅದೇ ತೆಳುವಿನ ಗಂಜಿಯಲ್ಲಿ ಎರಡು ಪಟ್ಟಿಗೂ ಹೆಚ್ಚು ಹಿಟ್ಟು ಹಿಡಿಸಬಹುದು. ಕಾಳನ್ನು ಅತಿಯಾಗಿ ಹುರಿದರೆ ಕಿಣ್ವ ಸಾಯುತ್ತದೆ. ಹದವಾಗಿ ಬೆಚ್ಚಗೆ ಮಾಡಬೇಕೆಂಬ ಅಜ್ಜಿಯರ ಕಟ್ಟುನಿಟ್ಟಿಗೆ ಇದಕ್ಕಿಂತ ಒಳ್ಳೆಯ ಸಮರ್ಥನೆ ಬೇಕಿಲ್ಲ.

ಹಾಗೆಂದು ಅಜ್ಜಿಯರನ್ನು ವಿಜ್ಞಾನಿಗಳ ಪೀಠದಲ್ಲಿ ಕೂರಿಸುವುದೂ ಅತಿಯಾದೀತು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ ನಿಜ, ಆದರೆ ಅದರ ಗಣನೀಯ ಪಾಲು ಸಿಪ್ಪೆಯಲ್ಲಿ. ಬಟ್ಟೆಯಲ್ಲಿ ಸೋಸಿದಾಗ ಹಿಟ್ಟು ನಯವಾಗುತ್ತದೆ, ಸಿಪ್ಪೆ ಹೊರಗೆ ಹೋಗುತ್ತದೆ. ರಾಗಿಯಲ್ಲಿ ಲೈಸಿನ್ ಎಂಬ ಅಮೈನೊ ಆಮ್ಲ ಕಡಿಮೆಯೆಂಬ ಇನ್ನೊಂದು ಕೊರತೆಗಾಗಿಯೇ ದೇಶಿಕಾಚಾರ್ ಮತ್ತು ಮಲ್ಲೇಶಿ 1982ರಲ್ಲಿ ಪ್ರಕಟಿಸಿದ ಪಾಕದಲ್ಲಿ ಮೊಳಕೆ ರಾಗಿಗೆ ಮೊಳಕೆ ಹೆಸರುಕಾಳು ಜತೆಯಾಯಿತು.

ಡಬ್ಬಿಯ ಭರಾಟೆಗೆ ಕಾನೂನು ಲಗಾಮು ಹಾಕಿದ್ದು 1992ರಲ್ಲಿ. ಅದರ 2003ರ ತಿದ್ದುಪಡಿಯ ನಂತರ ಎರಡು ವರ್ಷದೊಳಗಿನ ಮಕ್ಕಳ ಆಹಾರಕ್ಕೆ ಜಾಹೀರಾತು ಕೊಡುವಂತಿಲ್ಲ. ಆರು ತಿಂಗಳು ತುಂಬಿದ ಮೇಲೆಯೇ ತಿನ್ನಿಸಿರೆಂದು ಡಬ್ಬಿಯ ಮೇಲೆ ಬರೆದಿರಬೇಕು. ಈಗ ರಾಗಿ ಸರಿಯೂ ಅಂಗಡಿಯ ಸರಕಾಗಿದೆ. ಮೊಳಕೆ ಕಟ್ಟಲು ಪುರುಸೊತ್ತಿಲ್ಲದ ಬೆಂಗಳೂರಿನ ಮನೆಗಳಿಗೆ ಸಣ್ಣ ಗೃಹೋದ್ಯಮಗಳು ಪುಡಿ ಪೂರೈಸುತ್ತವೆ, ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೊರಟ ತಾಯಂದಿರ ಸೂಟ್‌ಕೇಸಿನಲ್ಲಿ ಚಟ್ನಿಪುಡಿಯ ಪಕ್ಕದಲ್ಲೇ ಅದರ ಪೊಟ್ಟಣವೂ ಸೇರಿಕೊಳ್ಳುತ್ತದೆ. ಕೊಳ್ಳುವವರು ಬೆಲೆ ನೋಡುತ್ತಾರೆ, ಬಣ್ಣ ನೋಡುತ್ತಾರೆ. ರಾಗಿಯನ್ನು ಮೊಳಕೆ ಬರಿಸಿಯೇ ಬೀಸಿದ್ದಾರೆಯೇ ಎಂದು ವಿಚಾರಿಸುವವರು ಕಡಿಮೆ.