ಮುಖ ಗೊತ್ತು, ಹೆಸರು ಗೊತ್ತಿಲ್ಲ: ಪೋಷಕ ನಟ ಜೇಮ್ಸ್ ಹಾಂಗ್

ಹಾಲಿವುಡ್ ಚಿತ್ರ ನೋಡುವವರಲ್ಲಿ ಜೇಮ್ಸ್ ಹಾಂಗ್ ಅವರ ಮುಖ ಕಾಣದವರು ಕಡಿಮೆ. ಹೆಸರು ಬಲ್ಲವರು ಇನ್ನೂ ಕಡಿಮೆ. 1950ರ ದಶಕದಲ್ಲಿ ಅಭಿನಯಕ್ಕಿಳಿದ ಈ ಚೀನೀ ಮೂಲದ ಅಮೆರಿಕನ್ ನಟ ಸಿನಿಮಾ, ಟಿವಿ, ವಿಡಿಯೊ ಗೇಮ್ ಎಲ್ಲ ಸೇರಿ 600ಕ್ಕೂ ಹೆಚ್ಚು ಪಾತ್ರ ಮಾಡಿದ್ದಾರೆಂಬ ಲೆಕ್ಕವಿದೆ. ಬಹುಪಾಲು ಸಣ್ಣ ಪಾತ್ರಗಳೇ.

ಹಾಂಗ್ ಹುಟ್ಟಿದ್ದು 1929ರ ಫೆಬ್ರವರಿ 22ರಂದು, ಮಿನಿಯಾಪೊಲಿಸ್ ನಗರದಲ್ಲಿ. ಬಾಲ್ಯದ ಕೆಲ ವರ್ಷ ಹಾಂಗ್‌ಕಾಂಗ್‌ನಲ್ಲಿ ಕಳೆದರು. ಓದಿದ್ದು ಸಿವಿಲ್ ಎಂಜಿನಿಯರಿಂಗ್. ಲಾಸ್ ಏಂಜಲೀಸ್ ಕೌಂಟಿಯಲ್ಲಿ ರಸ್ತೆ ಎಂಜಿನಿಯರಾಗಿ ಕೆಲಸವನ್ನೂ ಮಾಡಿದರು. 1954ರಲ್ಲಿ ಗ್ರೌಚೊ ಮಾರ್ಕ್ಸ್ ಅವರ ಟಿವಿ ಕಾರ್ಯಕ್ರಮಕ್ಕೆ ಹೋಗಿ, ಸ್ವತಃ ಗ್ರೌಚೊ ಎದುರೇ ಅವರ ಅನುಕರಣೆ ಮಾಡಿ ನಗಿಸಿದರು. ಮರುವರ್ಷ ಕ್ಲಾರ್ಕ್ ಗೇಬಲ್ ನಾಯಕನಾಗಿದ್ದ 'ಸೋಲ್ಜರ್ ಆಫ್ ಫಾರ್ಚೂನ್' ಚಿತ್ರದಲ್ಲಿ ಕಾಣಿಸಿಕೊಂಡರು.

ಆದರೆ ಆ ಕಾಲದ ಹಾಲಿವುಡ್‌ನಲ್ಲಿ ಚೀನೀ ನಾಯಕನ ಪಾತ್ರವೂ ಬಿಳಿಯರ ಪಾಲಾಗುತ್ತಿತ್ತು. ಚೀನಾದ ರೈತ ಕುಟುಂಬದ ಕಥೆಯಾದ 'ದಿ ಗುಡ್ ಅರ್ಥ್' (1937) ಚಿತ್ರದ ಗಂಡ, ಹೆಂಡತಿ ಇಬ್ಬರೂ ಬಿಳಿಯ ಕಲಾವಿದರು. 1957ರಲ್ಲಿ ಆರಂಭವಾದ ಟಿವಿ ಧಾರಾವಾಹಿಯಲ್ಲಿ ಚೀನೀ ಪತ್ತೇದಾರ ಚಾರ್ಲಿ ಚಾನ್ ಆಗಿದ್ದವರು ಐರಿಷ್ ಮೂಲದ ಜೆ. ಕ್ಯಾರಲ್ ನೇಶ್. ನಿಜವಾದ ಚೀನೀ ಮೂಲದ ಹಾಂಗ್ ಅವರಿಗೆ ಸಿಕ್ಕಿದ್ದು ಮಗನ ಪಾತ್ರ.

ಹಾಂಗ್ ಬರೀ ದೂರುತ್ತ ಕೂರಲಿಲ್ಲ. 1965ರಲ್ಲಿ ನಟ ಮಾಕೊ ಮೊದಲಾದವರ ಜೊತೆ ಸೇರಿ ಲಾಸ್ ಏಂಜಲೀಸ್‌ನಲ್ಲಿ 'ಈಸ್ಟ್ ವೆಸ್ಟ್ ಪ್ಲೇಯರ್ಸ್' ನಾಟಕ ತಂಡ ಕಟ್ಟಿದರು. ಅಲ್ಲಿ ಏಷ್ಯಾ ಮೂಲದವರೇ ನಾಯಕರು, ನಾಯಕಿಯರು. ಮೊದಲ ನಾಟಕ 'ರಾಶೊಮನ್'. ಎಷ್ಟೋ ಹೊಸ ನಟರಿಗೆ ಈ ತಂಡ ದಾರಿಯಾಯಿತು.

ಸಿನಿಮಾದಲ್ಲಿ ಮಾತ್ರ ಸಿಕ್ಕ ಪಾತ್ರವನ್ನೇ ನೆನಪಿನಲ್ಲುಳಿಯುವಂತೆ ಮಾಡುತ್ತ ಬಂದರು. 'ಚೈನಾಟೌನ್' (1974) ಚಿತ್ರದಲ್ಲಿ ಮನೆಯ ಸೇವಕ. 'ಬ್ಲೇಡ್ ರನ್ನರ್' (1982) ಚಿತ್ರದಲ್ಲಿ ಕೃತಕ ಕಣ್ಣು ತಯಾರಿಸುವವ. 'ಬಿಗ್ ಟ್ರಬಲ್ ಇನ್ ಲಿಟಲ್ ಚೈನಾ' (1986) ಚಿತ್ರದಲ್ಲಿ ಮಾಂತ್ರಿಕ ಲೋ ಪ್ಯಾನ್. 1991ರ 'ಸೈನ್‌ಫೆಲ್ಡ್' ಕಂತೊಂದರಲ್ಲಿ ಹಸಿದ ಗಿರಾಕಿಗಳನ್ನು ಐದು ನಿಮಿಷ, ಹತ್ತು ನಿಮಿಷ ಎಂದು ಕಾಯಿಸುತ್ತಲೇ ಇರುವ ಹೋಟೆಲಿನವನಾಗಿ ನಗಿಸಿದರು. ಮಕ್ಕಳಿಗೆ ಪರಿಚಯವಿರುವುದು ಅವರ ದನಿ: 'ಕುಂಗ್ ಫು ಪಾಂಡಾ' (2008) ಚಿತ್ರದಲ್ಲಿ ಪಾಂಡಾವನ್ನು ಸಾಕಿದ ಹೆಬ್ಬಾತು ಪಿಂಗ್, ನೂಡಲ್ಸ್ ಅಂಗಡಿಯವ.

ಮನ್ನಣೆ ತಡವಾಗಿ ಬಂತು. 2020ರಲ್ಲಿ ನಟ ಡೇನಿಯಲ್ ಡೇ ಕಿಮ್ ಅಭಿಮಾನಿಗಳಿಂದ ಹಣ ಕೂಡಿಸಲು ಮುಂದಾದರು. 2022ರ ಮೇ ತಿಂಗಳಲ್ಲಿ ಹಾಲಿವುಡ್‌ನ 'ವಾಕ್ ಆಫ್ ಫೇಮ್' ಪಾದಚಾರಿ ದಾರಿಯಲ್ಲಿ ಹಾಂಗ್ ಹೆಸರಿನ ನಕ್ಷತ್ರ ಕೂತಿತು. ಆಗ ಅವರಿಗೆ 93 ವರ್ಷ. ಅದೇ ವರ್ಷದ 'ಎವ್ರಿಥಿಂಗ್ ಎವ್ರಿವೇರ್ ಆಲ್ ಅಟ್ ಒನ್ಸ್' ಚಿತ್ರದಲ್ಲಿ ಅವರು ನಾಯಕಿಯ ತಂದೆ. ಆ ಚಿತ್ರಕ್ಕೆ 7 ಆಸ್ಕರ್ ಬಂದವು.

2023ರಲ್ಲಿ ಅಮೆರಿಕದ ನಟರ ಸಂಘ ಆ ಚಿತ್ರದ ಇಡೀ ತಂಡಕ್ಕೆ ಪ್ರಶಸ್ತಿ ಕೊಟ್ಟಾಗ ಹಾಂಗ್ ವೇದಿಕೆಯಲ್ಲಿ ಹಳೆಯದನ್ನು ನೆನೆದರು. ಬಿಳಿಯ ನಟರು ಕಣ್ಣಂಚಿಗೆ ಟೇಪು ಅಂಟಿಸಿಕೊಂಡು ಚೀನೀಯರಾಗುತ್ತಿದ್ದರು. ಏಷ್ಯಾದವರಿಗೆ ಸಾಮರ್ಥ್ಯ ಸಾಲದು, ಅವರಿಂದ ಟಿಕೆಟ್ ಮಾರಾಟವಾಗದು ಎಂದು ನಿರ್ಮಾಪಕರು ಹೇಳುತ್ತಿದ್ದರು ಎಂದರು. ಅವರ ಸುತ್ತ ನಿಂತಿದ್ದ ಗೆದ್ದ ತಂಡದಲ್ಲಿ ಹೆಚ್ಚಿನವರು ಏಷ್ಯಾ ಮೂಲದವರೇ.