ದೆಹಲಿಯ ಕನ್ನಡ ಪಂಕ್ತಿ

ಹೊರನಾಡಿನಲ್ಲಿ ನೆಲೆಸಿದವರ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಸಂಘಗಳ ನಡಾವಳಿಗಳಲ್ಲಿ, ಸ್ಮರಣ ಸಂಚಿಕೆಗಳಲ್ಲಿ ಹುಡುಕುತ್ತೇವೆ. ದೆಹಲಿ ಕರ್ನಾಟಕ ಸಂಘ 1948ರಲ್ಲಿ ಹುಟ್ಟಿತು. ಅದರ ಕಥೆ ಹಲವರಿಗೆ ಗೊತ್ತು. ಆದರೆ ಸಂಘದ ಸಭೆಗಿಂತ ಹಳೆಯದಾದ ಇನ್ನೊಂದು ಸಭೆಯಿದೆ. ರಜೆಯ ದಿನ ನಾಲ್ಕಾರು ಗೆಳೆಯರನ್ನು ಮನೆಗೆ ಕರೆದು, ಊರಿನ ಅಡುಗೆ ಮಾಡಿ ಬಡಿಸುವ ಸಭೆ ಅದು. ಅದಕ್ಕೆ ನಡಾವಳಿ ಪುಸ್ತಕವಿಲ್ಲ. ಆದರೂ ಯಾರು ಬೇಯಿಸಿದರು, ಯಾರನ್ನು ಕರೆದರು, ಯಾರನ್ನು ಕರೆಯಲಿಲ್ಲ ಎಂಬ ಮೂರು ಪ್ರಶ್ನೆಗಳಲ್ಲಿ ನಮ್ಮ ಸಮುದಾಯದ ಚರಿತ್ರೆ ಬಹುಪಾಲು ಅಡಗಿದೆ.

1911ರಲ್ಲಿ ರಾಜಧಾನಿಯನ್ನು ಕಲ್ಕತ್ತೆಯಿಂದ ದೆಹಲಿಗೆ ತರುವ ಘೋಷಣೆಯಾಯಿತು. 1931ರಲ್ಲಿ ಹೊಸದಿಲ್ಲಿಯ ಉದ್ಘಾಟನೆ ನಡೆಯಿತು. ಸರ್ಕಾರದ ಕಚೇರಿಗಳನ್ನು ಅರಸಿ ಗುಮಾಸ್ತರು, ಲೆಕ್ಕಿಗರು, ಶೀಘ್ರಲಿಪಿಕಾರರು ದಕ್ಷಿಣದಿಂದ ಬಂದರು. 1929ರಲ್ಲಿ ಆರಂಭವಾದ ಗ್ರ್ಯಾಂಡ್ ಟ್ರಂಕ್ ಎಕ್ಸ್‌ಪ್ರೆಸ್ ಮೊದಮೊದಲು ಮಂಗಳೂರಿನಿಂದ ಪೆಶಾವರದವರೆಗೆ ಓಡುತ್ತಿತ್ತು. ಅದು ನಾಲ್ಕು ದಿನ ಮೀರಿದ ಪಯಣ. ಹೀಗೆ ಬಂದ ಕನ್ನಡಿಗರಿಗೆ ಆಗ ಒಂದೇ ನಾಡಿರಲಿಲ್ಲ. ಧಾರವಾಡದವರು ಮುಂಬಯಿ ಪ್ರಾಂತ್ಯದವರು, ಕಲಬುರಗಿಯವರು ನಿಜಾಮನ ಪ್ರಜೆಗಳು, ಮಂಗಳೂರಿನವರು ಮದ್ರಾಸ್ ಪ್ರಾಂತ್ಯದವರು. ಮೈಸೂರು, ಕೊಡಗುಗಳದು ಬೇರೆ ಬೇರೆ ಆಡಳಿತ. ದೆಹಲಿಯ ಕಣ್ಣಿಗೆ ಮಾತ್ರ ಎಲ್ಲರೂ ‘ಮದ್ರಾಸಿ’ಗಳೇ. ಕನಾಟ್ ಪ್ಲೇಸಿನ ಮದ್ರಾಸ್ ಹೋಟೆಲು ಮುಚ್ಚಿದ ಮೇಲೂ ಬಸ್ ನಿಲ್ದಾಣಕ್ಕೆ ಅದರ ಹೆಸರೇ ಉಳಿದದ್ದು ಈ ಗುರುತು ಎಷ್ಟು ಗಟ್ಟಿಯಾಗಿತ್ತೆಂಬುದಕ್ಕೆ ಸಾಕ್ಷಿ.

ಹೊರಗೆ ಒಂದೇ ಹೆಸರಿನಿಂದ ಕರೆಸಿಕೊಂಡವರು ಒಳಗೆ ಊಟಕ್ಕೆ ಕುಳಿತಾಗ ತಮ್ಮ ಭಿನ್ನತೆಯನ್ನು ಕಂಡುಕೊಂಡರು. ಹುಳಿಗೆ ಬೆಲ್ಲ ಹಾಕಬೇಕೋ ಬೇಡವೋ ಎಂಬ ವಾದಕ್ಕೆ ಇಂದಿಗೂ ಕೊನೆಯಿಲ್ಲ. ಮೈಸೂರಿನವರಿಗೆ ಜೋಳದ ರೊಟ್ಟಿ, ಎಣ್ಣೆಗಾಯಿ ಹೊಸದು. ಧಾರವಾಡದವರಿಗೆ ಕುಸುಬಲಕ್ಕಿ ಗಂಜಿ ಹೊಸದು. 1956ರ ನವೆಂಬರ್ 1ರಂದು ಭೂಪಟದಲ್ಲಿ ಒಂದಾದ ನಾಡು ಇಂಥ ಕೆಲವು ಮನೆಗಳ ಎಲೆಯ ಮೇಲೆ ಮೊದಲೇ ಕೂಡಿತ್ತು ಎಂದರೆ ಅತಿಶಯೋಕ್ತಿಯಾಗದು.

ಈ ಊಟವನ್ನು ಸಿದ್ಧಪಡಿಸುವುದು ಸುಲಭವಾಗಿರಲಿಲ್ಲ. ಸಾರಿನ ಪುಡಿ ಊರಿನಿಂದ ಡಬ್ಬಿಯಲ್ಲಿ ಬರಬೇಕು. ತೆಂಗಿನಕಾಯಿ, ಕರಿಬೇವಿಗೆ ಕರೋಲ್ ಬಾಗ್ ಅಥವಾ ಐಎನ್ಎ ಮಾರುಕಟ್ಟೆಗೆ ಹೋಗಬೇಕು. ಗಡಸು ನೀರಿನಲ್ಲಿ ತೊಗರಿಬೇಳೆ ಬೇಗ ಬೇಯದು. ಡಿಸೆಂಬರಿನ ಚಳಿಯಲ್ಲಿ ದೋಸೆಹಿಟ್ಟು ಹುಳಿಯದು, ಪಾತ್ರೆಗೆ ಕಂಬಳಿ ಹೊದಿಸಬೇಕು. ರಾಗಿ ಮಾತ್ರ ಬೇರೊಂದು ಹೆಸರಿನಲ್ಲಿ ಹತ್ತಿರದಲ್ಲೇ ಇತ್ತು: ಗಢವಾಲ, ಕುಮಾವೂಂ ಬೆಟ್ಟಗಳಲ್ಲಿ ಬೆಳೆಯುವ ‘ಮಂಡುವಾ’ ನಮ್ಮ ರಾಗಿಯೇ. ಅಂಗೀಠಿಯ ಇದ್ದಿಲು, ಸೀಮೆಎಣ್ಣೆಯ ಸ್ಟೌಗಳ ಆ ಕಾಲದಲ್ಲಿ ಹತ್ತು ಜನರಿಗೆ ಅಡುಗೆಯೆಂದರೆ ಇಡೀ ದಿನದ ದುಡಿಮೆ. ಅದು ಬಹುತೇಕ ಹೆಂಗಸರದೇ ದುಡಿಮೆ. ಆಹಾರದ ಅಭಾವವಿದ್ದ 1965ರಲ್ಲಿ ಪ್ರಧಾನಿ ಲಾಲ್ ಬಹಾದುರ್ ಶಾಸ್ತ್ರಿಯವರು ಸೋಮವಾರ ರಾತ್ರಿಯ ಊಟ ಬಿಡುವಂತೆ ಜನತೆಯನ್ನು ಕೋರಿದ್ದರು. ಅಂಥ ದಿನಗಳಲ್ಲಿ ನಾಲ್ವರನ್ನು ಊಟಕ್ಕೆ ಕರೆಯುವುದು ತಮ್ಮ ಪಾಲಿನ ಅಕ್ಕಿಯನ್ನು ಹಂಚಿಕೊಳ್ಳುವುದೇ ಆಗಿತ್ತು.

ಆದರೆ ಪಂಕ್ತಿಗೆ ಗಡಿಯೂ ಇತ್ತು. ಉತ್ತರದಲ್ಲಿ ನೀರಿನಲ್ಲಿ ಬೇಯಿಸಿದ ಅನ್ನ, ಬೇಳೆ, ರೊಟ್ಟಿ ‘ಕಚ್ಚಾ’. ತುಪ್ಪದಲ್ಲಿ ಕರಿದ ಪೂರಿ ‘ಪಕ್ಕಾ’. ಮೊದಲನೆಯದನ್ನು ಕಂಡಕಂಡವರ ಕೈಯಿಂದ ತಿನ್ನುವಂತಿಲ್ಲ. ಎರಡನೆಯದಕ್ಕೆ ಕಟ್ಟು ಸಡಿಲ. ನಮ್ಮಲ್ಲಿನ ‘ಮುಸುರೆ’ಯ ಲೆಕ್ಕಾಚಾರವೂ ಇದಕ್ಕೆ ದೂರದ್ದಲ್ಲ. ಮೈಸೂರಿನ ಎಂ. ಎನ್. ಶ್ರೀನಿವಾಸರು 1948ರಲ್ಲಿ ‘ರಾಂಪುರ’ವೆಂದು ತಾವು ಹೆಸರಿಟ್ಟ ಹಳ್ಳಿಯಲ್ಲಿ ಅಧ್ಯಯನ ನಡೆಸಿದರು, 1959ರಲ್ಲಿ ದೆಹಲಿ ವಿಶ್ವವಿದ್ಯಾಲಯದ ಸಮಾಜಶಾಸ್ತ್ರ ವಿಭಾಗವನ್ನು ಕಟ್ಟಿದರು. ಯಾರು ಯಾರ ಕೈಯ ಬೇಯಿಸಿದ ಅನ್ನವನ್ನು ಸ್ವೀಕರಿಸುತ್ತಾರೆ ಎಂಬುದರಲ್ಲಿ ಜಾತಿಯ ಮೇಲುಕೀಳು ಕಾಣಿಸುತ್ತದೆಂಬುದು ಅವರ ಬರಹಗಳ ಮುಖ್ಯ ಒಳನೋಟಗಳಲ್ಲೊಂದು. ‘ಕಾಫಿಗೆ ಬನ್ನಿ’ ಎಂಬ ಮಾತಿಗೂ ‘ಊಟಕ್ಕೆ ಬನ್ನಿ’ ಎಂಬ ಮಾತಿಗೂ ನಮ್ಮ ಹಿರಿಯರ ಮನೆಗಳಲ್ಲಿದ್ದ ಅಂತರವನ್ನು ಈ ಬೆಳಕಿನಲ್ಲಿ ನೋಡಬೇಕು.

ಸರ್ಕಾರಿ ವಸತಿ ಈ ಅಂತರವನ್ನು ಸ್ವಲ್ಪ ಅಲುಗಿಸಿತು. ಸರೋಜಿನಿ ನಗರ, ರಾಮಕೃಷ್ಣಪುರಂಗಳಲ್ಲಿ ಮನೆ ಹಂಚಿಕೆಯಾದದ್ದು ಹುದ್ದೆ, ಸಂಬಳಗಳ ಮೇಲೆ. ಅಗ್ರಹಾರದಲ್ಲೋ ಕೇರಿಯಲ್ಲೋ ಇದ್ದಂತೆ ನೆರೆಯವರ ಕುಲವನ್ನು ಆರಿಸಿಕೊಳ್ಳುವ ಅವಕಾಶ ಅಲ್ಲಿರಲಿಲ್ಲ. ಗೋಡೆಯಾಚೆ ಯಾರಿದ್ದರೂ ಮಗುವಿಗೆ ಜ್ವರ ಬಂದಾಗ ಬರುವವರು ಅವರೇ. ಹಬ್ಬದ ಹೋಳಿಗೆ ಹೋಗುವುದೂ ಅವರಿಗೇ.

ಹಾಗೆಂದು ಪಂಕ್ತಿ ಸಮನಾಯಿತೆಂದು ಭಾವಿಸಬೇಕಿಲ್ಲ. ಸಹಭೋಜನದಿಂದಷ್ಟೇ ಜಾತಿ ಅಳಿಯದು ಎಂದು ಅಂಬೇಡ್ಕರರು 1936ರಲ್ಲೇ ‘ಜಾತಿ ವಿನಾಶ’ದಲ್ಲಿ ಎಚ್ಚರಿಸಿದ್ದರು. ಅದರ ಜೊತೆಗೆ ಇನ್ನೊಂದು ಸಂಗತಿ ನಡೆಯಿತು. ಕಾರ್ಕಳ ಮೂಲದ ಜಯರಾಮ ಬನಾನರು 1986ರಲ್ಲಿ ಡಿಫೆನ್ಸ್ ಕಾಲೊನಿಯಲ್ಲಿ ‘ಸಾಗರ್’ ತೆರೆದರು. ದೋಸೆ ದೆಹಲಿಯ ಮನೆಮಾತಾಯಿತು. ಇದು ಹೆಮ್ಮೆಯ ಕಥೆ. ಆದರೆ ಹೋಟೆಲಿನ ಸಸ್ಯಾಹಾರಿ ಪಟ್ಟಿಯೇ ಕ್ರಮೇಣ ‘ಕನ್ನಡಿಗರ ಊಟ’ವೆಂಬ ಹೆಸರು ಪಡೆಯಿತು. ಇಂದು ನೋಯ್ಡಾ, ಗುರುಗ್ರಾಮ, ದ್ವಾರಕೆಗಳಲ್ಲಿ ಉತ್ತರದ ಗೆಳೆಯರನ್ನು ಕರೆದಾಗ ನಾವು ಬಡಿಸುವುದು ಬಿಸಿಬೇಳೆ ಬಾತು, ಕೋಸಂಬರಿ, ಪಾಯಸ. ನಾಟಿಕೋಳಿ ಸಾರು, ಕೋರಿ ರೊಟ್ಟಿ, ಕೊಡಗಿನ ಪಂದಿ ಕರಿ, ಬಯಲುಸೀಮೆಯ ಬಾಡೂಟ ಆ ಎಲೆಯ ಮೇಲೆ ಕಾಣುವುದು ಅಪರೂಪ. ಬಾಡಿಗೆ ಮನೆ ಕೊಡುವ ಮುನ್ನ ಏನು ತಿನ್ನುತ್ತೀರೆಂದು ಕೇಳುವ ಮನೆಯೊಡೆಯರಿರುವ ನಗರದಲ್ಲಿ ಈ ಮೌನ ಕೇವಲ ರುಚಿಯ ವಿಷಯವಲ್ಲ. ನಮ್ಮಲ್ಲೇ ಬಹುಜನರ ಅಡುಗೆಮನೆಯನ್ನು ನಮ್ಮ ನಾಡಿನ ಚಿತ್ರದಿಂದ ಹೊರಗಿಟ್ಟಂತೆ.

ಕಲ್ಯಾಣದ ಶರಣರು ದಾಸೋಹವೆಂದದ್ದು ಉಣ್ಣಿಸುವ ದೊಡ್ಡಸ್ತಿಕೆಯನ್ನಲ್ಲ. ಉಣಬಡಿಸುವವನೇ ದಾಸನೆಂಬ ಭಾವವನ್ನು. ಆ ಪರಂಪರೆಯ ವಾರಸುದಾರರಾದ ನಾವು ಮುಂದಿನ ಬಾರಿ ಗೆಳೆಯರನ್ನು ಕರೆಯುವಾಗ ಅಡುಗೆಯ ಪಟ್ಟಿಯನ್ನು ಮಾತ್ರವಲ್ಲ, ಅತಿಥಿಗಳ ಪಟ್ಟಿಯನ್ನೂ ಒಮ್ಮೆ ನೋಡೋಣ. ಇಷ್ಟು ವರ್ಷಗಳಲ್ಲಿ ಕನ್ನಡಿಗರಲ್ಲೇ ಯಾರ ಮನೆಯ ಅನ್ನವನ್ನು ನಾವಿನ್ನೂ ಉಂಡಿಲ್ಲ ಎಂಬುದು ಅದರಲ್ಲಿ ತಿಳಿಯುತ್ತದೆ.